ಬಡಗುತಿಟ್ಟು ಯಕ್ಷಗಾನದ ಸ್ತ್ರೀವೇಷ

ಬಡಗುತಿಟ್ಟು ಯಕ್ಷಗಾನದ ಸ್ತ್ರೀವೇಷ ಎಂಬುದು ಕರಾವಳಿ ಕರ್ನಾಟಕದ ಯಕ್ಷಗಾನ ಬಯಲಾಟದಲ್ಲಿ ಹೆಣ್ಣು ಪಾತ್ರಗಳನ್ನು ನಿರ್ವಹಿಸುವ ವೇಷವಿಭಾಗವಾಗಿದೆ. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ತಾಲೂಕುಗಳು ಬಡಗುತಿಟ್ಟಿನ ಮುಖ್ಯ ನೆಲೆಗಳು. ಇಲ್ಲಿನ ವೃತ್ತಿಮೇಳಗಳಲ್ಲಿ ದ್ರೌಪದಿ, ಸುಭದ್ರೆ, ಅಂಬೆ, ದಮಯಂತಿ, ಚಂದ್ರಮತಿ ಮೊದಲಾದ ಪಾತ್ರಗಳನ್ನು ಪರಂಪರೆಯಿಂದ ಪುರುಷ ಕಲಾವಿದರೇ ನಿರ್ವಹಿಸುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಹವ್ಯಾಸಿ ಮತ್ತು ಮಹಿಳಾ ತಂಡಗಳ ಮೂಲಕ ಸ್ತ್ರೀಯರೂ ಈ ರಂಗಕ್ಕೆ ಬಂದರು.

ಯಕ್ಷಗಾನವು ಹಾಡು, ಕುಣಿತ ಮತ್ತು ಮಾತು ಮೂರನ್ನೂ ಒಳಗೊಂಡ ರಂಗಪ್ರಕಾರ. ಆದ್ದರಿಂದ ಸ್ತ್ರೀವೇಷಧಾರಿಯು ಗೀತನಾಟಕದ ನಟಿಯ ಕೆಲಸವನ್ನೂ ಮಾತಿನ ನಾಟಕದ ನಟಿಯ ಕೆಲಸವನ್ನೂ ಒಂದೇ ರಾತ್ರಿಯಲ್ಲಿ ಮಾಡಬೇಕಾಗುತ್ತದೆ. ಈ ವೇಷಕ್ಕೆ ಸಲ್ಲುವ ಮೆಚ್ಚುಗೆಯೂ ಅದಕ್ಕೆ ಅನುಗುಣವಾಗಿ ಬೆಳೆದಿದೆ. ಹೆಣ್ಣಿನಂತೆ ಕಾಣುವುದಕ್ಕಿಂತ ಪಾತ್ರದ ಸ್ವಭಾವವನ್ನು ಕಾಯ್ದುಕೊಳ್ಳುವುದನ್ನೇ, ಅಂದರೆ ಔಚಿತ್ಯವನ್ನೇ, ಬಲ್ಲ ಪ್ರೇಕ್ಷಕರು ಮತ್ತು ವಿಮರ್ಶಕರು ಇಲ್ಲಿ ಮುಖ್ಯ ಮಾನದಂಡವಾಗಿ ಇಟ್ಟುಕೊಂಡಿದ್ದಾರೆ.

ಹಿನ್ನೆಲೆ

ಯಕ್ಷಗಾನದಲ್ಲಿ ತೆಂಕುತಿಟ್ಟು ಮತ್ತು ಬಡಗುತಿಟ್ಟು ಎಂಬ ಎರಡು ಮುಖ್ಯ ಶೈಲಿಗಳಿವೆ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು ಪ್ರಚಲಿತವಾಗಿದೆ. ಬ್ರಹ್ಮಾವರದ ಆಸುಪಾಸಿನ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಊರುಗಳು ಬಡಗಿನೊಳಗೆ ತಮ್ಮದೇ ಕುಣಿತದ ಶೈಲಿಗಳಿಗೆ ಹೆಸರು ಕೊಟ್ಟಿವೆ. ಉತ್ತರ ಕನ್ನಡ ಜಿಲ್ಲೆಯ ಶೈಲಿಯನ್ನು ಬಡಾಬಡಗು ಎಂದು ಪ್ರತ್ಯೇಕವಾಗಿ ಗುರುತಿಸುವುದುಂಟು.

ಬ್ರಹ್ಮಾವರದ ಹಳೆಯ ಹೆಸರು ಅಜಪುರ. ಯಕ್ಷಗಾನದ ಅತಿ ಹಳೆಯ ಪ್ರಸಂಗಗಳಲ್ಲಿ ಒಂದೆಂದು ಗಣಿಸಲಾಗುವ ಹದಿನಾರನೆಯ ಶತಮಾನದ ವಿರಾಟಪರ್ವವನ್ನು ಅಜಪುರದ ವಿಷ್ಣು ಎಂಬ ಕವಿಯ ಕೃತಿಯೆಂದು ಹೇಳಲಾಗುತ್ತದೆ. ಅಜ್ಞಾತವಾಸದಲ್ಲಿ ಸೈರಂಧ್ರಿಯಾಗಿ ಬದುಕುವ ದ್ರೌಪದಿಯ ಸಂಕಟ ವಿರಾಟಪರ್ವದ ಕಥೆಯ ಮುಖ್ಯ ಭಾಗ. ಸ್ತ್ರೀಪಾತ್ರವನ್ನು ಕೇಂದ್ರದಲ್ಲಿಟ್ಟ ಕಥಾಭಾಗಗಳು ಈ ಪ್ರದೇಶದ ಪ್ರಸಂಗ ಸಾಹಿತ್ಯದಲ್ಲಿ ಆರಂಭದಿಂದಲೇ ಇದ್ದವೆಂಬುದನ್ನು ಇದು ಸೂಚಿಸುತ್ತದೆ.

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ದೇವಸ್ಥಾನಗಳ ಹೆಸರಿನಲ್ಲಿ ಮೇಳಗಳು ಮಳೆಗಾಲ ಮುಗಿದ ಮೇಲೆ ತಿರುಗಾಟ ಹೊರಟು ಮುಂದಿನ ಮಳೆಗಾಲದ ಹೊತ್ತಿಗೆ ಮರಳುತ್ತವೆ. ಭಕ್ತರ ಹರಕೆಯ ಆಟಗಳನ್ನು ಊರೂರಿನಲ್ಲಿ ರಾತ್ರಿಯಿಡೀ ಆಡುವುದು ಇವುಗಳ ಕ್ರಮ. ವಾಹನ ಸೌಕರ್ಯವಿಲ್ಲದ ಕಾಲದಲ್ಲಿ ಕಲಾವಿದರು ಒಂದೂರಿನಿಂದ ಇನ್ನೊಂದೂರಿಗೆ ನಡೆದೇ ಹೋಗುತ್ತಿದ್ದರು. ಆರು ತಿಂಗಳ ಅಲೆದಾಟ, ರಾತ್ರಿಯಿಡೀ ಎಚ್ಚರ, ಗಂಡಸರೇ ಇರುವ ಚೌಕಿ, ದೇವಸ್ಥಾನದ ಸೇವೆಯೆಂಬ ಕಾರಣದಿಂದ ಬಂದ ಮಡಿ ಮೈಲಿಗೆಯ ಕಟ್ಟುಪಾಡು ಹಾಗೂ ರಂಗಕ್ಕೆ ಬರುವ ಹೆಣ್ಣನ್ನು ಸಂಶಯದಿಂದ ನೋಡುವ ಸಮಾಜದ ದೃಷ್ಟಿ, ಇವೆಲ್ಲವೂ ಸೇರಿ ಮೇಳಗಳಲ್ಲಿ ಸ್ತ್ರೀಯರಿಗೆ ಎಡೆಯಿಲ್ಲದಂತೆ ಮಾಡಿದವು. ಹೆಣ್ಣಿನ ದುಃಖ, ಕೋಪ, ಪ್ರೇಮಗಳು ಕಥೆಯ ತಿರುಳಾಗಿದ್ದರೂ ಅವುಗಳನ್ನು ರಂಗದಲ್ಲಿ ಆಡುವ ಅವಕಾಶ ಹೆಣ್ಣಿಗೆ ಇರಲಿಲ್ಲ.

ಮೇಳದಲ್ಲಿ ಸ್ಥಾನ

ಬಡಗುತಿಟ್ಟಿನ ಆಟದಲ್ಲಿ ಪ್ರಸಂಗ ಆರಂಭವಾಗುವ ಮೊದಲು ಪೂರ್ವರಂಗವಿರುತ್ತದೆ. ಕೋಡಂಗಿ ಮತ್ತು ಬಾಲಗೋಪಾಲ ವೇಷಗಳ ಅನಂತರ ಪೀಠಿಕಾ ಸ್ತ್ರೀವೇಷಗಳು ರಂಗಸ್ಥಳಕ್ಕೆ ಬಂದು ಕುಣಿಯುತ್ತವೆ. ಮೇಳ ಸೇರಿದ ಹುಡುಗನು ಕೋಡಂಗಿಯಿಂದ ಬಾಲಗೋಪಾಲಕ್ಕೂ ಅಲ್ಲಿಂದ ಪೀಠಿಕಾ ಸ್ತ್ರೀವೇಷಕ್ಕೂ ಏರುತ್ತ ತಾಳ, ಹೆಜ್ಜೆ ಮತ್ತು ರಂಗದ ನಡೆಯನ್ನು ಕಲಿಯುತ್ತಿದ್ದನು. ಹೀಗಾಗಿ ಮುಂದೆ ವೀರಪಾತ್ರಗಳಿಗೆ ಹೆಸರಾದ ಅನೇಕರು ಬಾಲ್ಯದಲ್ಲಿ ಸ್ತ್ರೀವೇಷ ಮಾಡಿದವರೇ ಆಗಿರುತ್ತಾರೆ.

ಪ್ರಸಂಗದೊಳಗೆ ಮುಖ್ಯ ಸ್ತ್ರೀವೇಷ ಮತ್ತು ಸಖಿ ಸ್ತ್ರೀವೇಷ ಎಂಬ ಶ್ರೇಣಿಗಳಿವೆ. ಕಥಾನಾಯಕಿಯ ಪಾತ್ರ ಮುಖ್ಯ ಸ್ತ್ರೀವೇಷಧಾರಿಗೆ ಸಲ್ಲುತ್ತದೆ. ಮೇಳದ ಗೌರವದ ಕ್ರಮದಲ್ಲಿ ಎರಡನೆಯ ವೇಷ, ಪುರುಷವೇಷಗಳಿಗೆ ಹೆಚ್ಚಿನ ಪ್ರಾಮುಖ್ಯವಿದ್ದರೂ ಅನೇಕ ಪ್ರಸಂಗಗಳ ಯಶಸ್ಸು ನಾಯಕಿಯ ಪಾತ್ರವನ್ನು ಅವಲಂಬಿಸಿದೆ. ಎದುರಿನ ಸ್ತ್ರೀವೇಷ ಸಮರ್ಥವಾಗಿದ್ದರೆ ಮಾತ್ರ ಸುಧನ್ವ, ಕೀಚಕ, ಭೀಷ್ಮ ಮೊದಲಾದ ಪುರುಷಪಾತ್ರಗಳೂ ಕಳೆಗಟ್ಟುತ್ತವೆ.

ಪಾತ್ರಗಳ ವಿಧಗಳು

ಸ್ತ್ರೀಪಾತ್ರಗಳನ್ನು ಅವುಗಳ ಸ್ವಭಾವ ಮತ್ತು ಕುಣಿತಗಳ ಆಧಾರದಿಂದ ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

- ಗರತಿ ಪಾತ್ರಗಳು: ಚಂದ್ರಮತಿ, ದಮಯಂತಿ, ಸೀತೆ, ಸುಭದ್ರೆ ಮೊದಲಾದವರು. ಇಲ್ಲಿ ಸಂಯಮ ಮತ್ತು ಕರುಣರಸಕ್ಕೆ ಪ್ರಾಧಾನ್ಯ.
- ಶೃಂಗಾರ ಪಾತ್ರಗಳು: ಮೋಹಿನಿ, ಮೇನಕೆ, ಮಾಯಾ ಶೂರ್ಪನಖಿ ಮೊದಲಾದವರು. ಇಲ್ಲಿ ಲಾಸ್ಯ ಮತ್ತು ಚುರುಕಾದ ಮಾತಿಗೆ ಅವಕಾಶ ಹೆಚ್ಚು.
- ಕಸೆ ಸ್ತ್ರೀವೇಷಗಳು: ಮೀನಾಕ್ಷಿ, ಪ್ರಮೀಳೆ ಮೊದಲಾದ ವೀರವನಿತೆಯರು. ಇವರು ಪುರುಷವೇಷದಂತೆ ಕಸೆ ಉಟ್ಟು ಆಯುಧ ಹಿಡಿದು ಯುದ್ಧಕುಣಿತ ಮಾಡುತ್ತಾರೆ.
- ಛಲದ ಪಾತ್ರಗಳು: ಅಂಬೆ, ದ್ರೌಪದಿ, ದೇವಯಾನಿ, ದಾಕ್ಷಾಯಿಣಿ ಮೊದಲಾದವರು. ಒಂದೇ ಪಾತ್ರದಲ್ಲಿ ಮೃದುತ್ವವೂ ರೌದ್ರವೂ ಬರುತ್ತವೆ.

ಶೂರ್ಪನಖಿ, ಹಿಡಿಂಬೆ ಮೊದಲಾದ ರಾಕ್ಷಸಿಯರ ಘೋರರೂಪವನ್ನು ಸಾಮಾನ್ಯವಾಗಿ ಬಣ್ಣದ ವೇಷದವರು ಮಾಡುತ್ತಾರೆ. ಅದೇ ರಾಕ್ಷಸಿಯು ಮಾಯೆಯಿಂದ ಸುಂದರಿಯಾಗಿ ಬರುವಾಗ ಪಾತ್ರ ಸ್ತ್ರೀವೇಷಧಾರಿಗೆ ವರ್ಗವಾಗುತ್ತದೆ. ಇಬ್ಬರು ಕಲಾವಿದರು ಹಂಚಿಕೊಂಡ ಪಾತ್ರವು ಒಂದೇ ವ್ಯಕ್ತಿಯೆಂದು ತೋರುವಂತೆ ಮಾಡುವುದು ಎರಡನೆಯವರ ಹೊಣೆ.

ವೇಷಭೂಷಣ

ಪುರುಷವೇಷಗಳಿಗೆ ದೊಡ್ಡ ಮುಂಡಾಸು ಅಥವಾ ಕಿರೀಟ, ಎದೆಗಟ್ಟು, ಭುಜಕೀರ್ತಿಗಳಿರುತ್ತವೆ. ಇವು ಕಲಾವಿದನ ಸಹಜ ಆಕಾರವನ್ನು ಮರೆಮಾಡಿ ಅವನಿಗೆ ಅಲೌಕಿಕ ಗಾತ್ರವನ್ನು ಕೊಡುತ್ತವೆ. ಸ್ತ್ರೀವೇಷಕ್ಕೆ ಆ ಅನುಕೂಲವಿಲ್ಲ. ಸೀರೆ, ಕುಪ್ಪಸ, ಸೊಂಟದ ಡಾಬು, ತೋಳು ಮತ್ತು ಕೊರಳಿನ ಆಭರಣ, ಮೂಗುತಿ, ಬೈತಲೆಬೊಟ್ಟು, ಕೃತಕ ಕೂದಲಿನ ಜಡೆ ಅಥವಾ ತುರುಬು, ಹೂವು ಮತ್ತು ಕಾಲಗೆಜ್ಜೆ ಇಷ್ಟರಲ್ಲೇ ವೇಷ ಮುಗಿಯುತ್ತದೆ. ಮುಖದ ಬಣ್ಣವೂ ತೆಳು. ಹೀಗಾಗಿ ಮುಖಭಾವದ ಸಣ್ಣ ಬದಲಾವಣೆಯೂ ಪ್ರೇಕ್ಷಕರಿಗೆ ಕಾಣುತ್ತದೆ. ಕುಣಿತದಲ್ಲಿ ತಪ್ಪಿದರೂ ಅದನ್ನು ಮುಚ್ಚಿಕೊಳ್ಳಲು ಭಾರದ ವೇಷವಿರುವುದಿಲ್ಲ.

ದೀವಟಿಗೆಯ ಬೆಳಕಿನ ಕಾಲದಲ್ಲಿ ವೇಷದ ಬಣ್ಣಗಳು ಮಂದಬೆಳಕಿಗೆ ಹೊಂದುವಂತಿದ್ದವು. ಗ್ಯಾಸ್‌ಲೈಟ್ ಮತ್ತು ಅನಂತರ ವಿದ್ಯುದ್ದೀಪಗಳು ಬಂದ ಮೇಲೆ ಸ್ತ್ರೀವೇಷದಲ್ಲಿ ಹೊಳಪಿನ ಸೀರೆಗಳೂ ಮಾರುಕಟ್ಟೆಯ ಆಭರಣಗಳೂ ಸೇರಿದವು. ಪುರುಷವೇಷವು ಹಳೆಯ ಶೈಲಿಯಲ್ಲಿಯೇ ಉಳಿದು, ಪಕ್ಕದಲ್ಲಿ ನಿಂತ ಸ್ತ್ರೀವೇಷ ಮಾತ್ರ ಸಿನಿಮಾದ ನಾಯಕಿಯಂತೆ ಕಾಣುವುದು ರಂಗದ ಒಟ್ಟು ಚಿತ್ರಕ್ಕೆ ಭಂಗ ತರುತ್ತದೆ ಎಂಬುದು ಪರಂಪರೆಯ ಪರವಾದ ವಿಮರ್ಶಕರ ಆಕ್ಷೇಪ.

ನಾಟ್ಯ, ಪದ್ಯ ಮತ್ತು ಮಾತು

ಯಕ್ಷಗಾನದಲ್ಲಿ ಪದ್ಯವನ್ನು ಹಾಡುವವನು ಭಾಗವತ. ಮದ್ದಳೆ ಮತ್ತು ಚೆಂಡೆಗಳು ಹಿಮ್ಮೇಳದ ವಾದ್ಯಗಳು. ವೇಷಧಾರಿಯು ಪದ್ಯಕ್ಕೆ ಕುಣಿದು ಅಭಿನಯಿಸುತ್ತಾನೆ, ಪದ್ಯ ಮುಗಿದ ಮೇಲೆ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಈ ಮಾತುಗಾರಿಕೆಯನ್ನು ಅರ್ಥ ಎನ್ನುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳು ಮಾತ್ರ ಇರುತ್ತವೆ, ಸಂಭಾಷಣೆ ಬರೆದಿರುವುದಿಲ್ಲ. ಎದುರಿನ ಪಾತ್ರ ಏನು ಹೇಳುತ್ತದೆ ಎಂಬುದನ್ನು ಕೇಳಿ ಅಲ್ಲಿಯೇ ಉತ್ತರ ಕಟ್ಟಬೇಕು.

ಸ್ತ್ರೀವೇಷದ ನಾಟ್ಯದಲ್ಲಿ ಲಾಸ್ಯ ಪ್ರಧಾನ. ಹೆಜ್ಜೆಗಳು ಚಿಕ್ಕವಾಗಿರುತ್ತವೆ, ಕೈಗಳ ಚಲನೆ ದೇಹಕ್ಕೆ ಸಮೀಪವಿರುತ್ತದೆ, ಪುರುಷವೇಷದ ಜಿಗಿತ ಹಾಗೂ ಸುತ್ತುಗಳು ಮಿತವಾಗಿರುತ್ತವೆ. ತಾಳದ ಲೆಕ್ಕಾಚಾರ ಮಾತ್ರ ಎರಡಕ್ಕೂ ಒಂದೇ. ಪದ್ಯದ ಲಯ ನಿಧಾನವಾಗಿದ್ದಾಗ ಪ್ರತಿ ಅಕ್ಷರದ ನಡುವಿನ ಅವಕಾಶವನ್ನು ಭಾವದಿಂದ ತುಂಬಬೇಕಾಗುತ್ತದೆ. ಆದ್ದರಿಂದ ಶೋಕದ ಪದ್ಯಗಳು ವೇಗದ ಕುಣಿತಕ್ಕಿಂತ ಕಷ್ಟದವು ಎಂಬ ಅಭಿಪ್ರಾಯ ಕಲಾವಿದರಲ್ಲಿದೆ.

ಅರ್ಥದ ಭಾಷೆ ಗ್ರಾಂಥಿಕ ಕನ್ನಡ. ಕುಂದಗನ್ನಡವನ್ನು ಮನೆಮಾತಾಗಿ ಆಡುವ ಕಲಾವಿದರು ರಂಗದಲ್ಲಿ ಅದನ್ನು ಹಾಸ್ಯಪಾತ್ರಕ್ಕೆ ಬಿಟ್ಟುಕೊಡುತ್ತಾರೆ. ಸ್ತ್ರೀವೇಷಧಾರಿಯು ಶಿಷ್ಟಭಾಷೆಯಲ್ಲಿಯೇ ತಾಯಿಯ ವಾತ್ಸಲ್ಯವನ್ನೂ ಹೆಂಡತಿಯ ಸಲುಗೆಯನ್ನೂ ತೋರಿಸಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯಲ್ಲಿ ಕುಳಿತವರಿಗೂ ಕೇಳುವಂತೆ, ಆದರೆ ಗಡುಸಾಗದಂತೆ ಮಾತನಾಡಬೇಕಿತ್ತು. ಭಾಗವತನ ಶ್ರುತಿಗೆ ಹೊಂದಿಸಿ ಮಾತನಾಡುವುದು ಇದಕ್ಕೆ ಕಂಡುಕೊಂಡ ಉಪಾಯ. ಶ್ರುತಿಬದ್ಧವಾದ ಮಾತು ಇಂದಿಗೂ ಸ್ತ್ರೀವೇಷದ ಗುಣಗಳಲ್ಲಿ ಒಂದೆಂದು ಎಣಿಕೆಯಾಗುತ್ತದೆ.

ಕಲಾವಿದನನ್ನು ಒರೆಗೆ ಹಚ್ಚುವ ಪಾತ್ರಗಳು

ಕೆಲವು ಪಾತ್ರಗಳನ್ನು ಸ್ತ್ರೀವೇಷಧಾರಿಯ ಸಾಮರ್ಥ್ಯದ ಪರೀಕ್ಷೆಯೆಂದು ಪರಿಗಣಿಸಲಾಗುತ್ತದೆ.

ಪ್ರಭಾವತಿ: ಸುಧನ್ವಾರ್ಜುನ ಪ್ರಸಂಗದಲ್ಲಿ ಯುದ್ಧಕ್ಕೆ ಹೊರಟ ಸುಧನ್ವನನ್ನು ಪತ್ನಿ ಪ್ರಭಾವತಿ ತಡೆಯುತ್ತಾಳೆ. ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂಬುದು ಅರಸನ ಆಜ್ಞೆ. ಅವಳ ಬೇಡಿಕೆಯು ಸಂತಾನದ ಬಯಕೆ, ಪತಿ ಮರಳುವನೋ ಇಲ್ಲವೋ ಎಂಬ ಭಯ ಎರಡರಿಂದಲೂ ಹುಟ್ಟಿದ್ದು. ಶೃಂಗಾರವೊಂದನ್ನೇ ಹಿಡಿದರೆ ಪಾತ್ರ ಹಗುರವಾಗುತ್ತದೆ. ಭಯವನ್ನೇ ಮುಂದುಮಾಡಿದರೆ ಸುಧನ್ವ ತಡಮಾಡಿದ್ದಕ್ಕೆ ಕಾರಣವೇ ಉಳಿಯುವುದಿಲ್ಲ.

ಅಂಬೆ: ಭೀಷ್ಮವಿಜಯದಲ್ಲಿ ಸಾಲ್ವನಿಂದ ತಿರಸ್ಕೃತಳಾಗಿ ಮರಳಿ ಬಂದ ಅಂಬೆಯನ್ನು ಭೀಷ್ಮನೂ ವರಿಸಲೊಪ್ಪುವುದಿಲ್ಲ. ಸ್ವಯಂವರದ ಕನ್ಯೆಯಾಗಿ ಆರಂಭವಾದ ಪಾತ್ರವು ಯಾಚನೆ, ವಾದ, ಅವಮಾನಗಳನ್ನು ದಾಟಿ ಪ್ರತಿಜ್ಞೆಯಲ್ಲಿ ಮುಗಿಯುತ್ತದೆ. ಭೀಷ್ಮನೊಂದಿಗಿನ ವಾದದಲ್ಲಿ ಅಂಬೆಯ ಪಕ್ಷ ಬಲವಾಗಿ ನಿಲ್ಲಬೇಕು. ಇಲ್ಲವಾದರೆ ಭೀಷ್ಮನ ಬ್ರಹ್ಮಚರ್ಯಕ್ಕೆ ಬಂದ ಸಂಕಟವೂ ಪ್ರೇಕ್ಷಕರಿಗೆ ತಟ್ಟುವುದಿಲ್ಲ.

ಸೈರಂಧ್ರಿ: ಕೀಚಕವಧೆಯಲ್ಲಿ ದ್ರೌಪದಿಯು ಸುದೇಷ್ಣೆಯ ದಾಸಿ. ಕೀಚಕನಿಗೆ ಉತ್ತರ ಕೊಡುವಾಗ ರಾಣಿಯ ತೇಜಸ್ಸು ಕಾಣಬೇಕು, ಆದರೆ ಗುಟ್ಟು ಬಯಲಾಗಬಾರದು. ವಲಲನಾಗಿರುವ ಭೀಮನ ಎದುರು ಮಾತ್ರ ಅವಳು ಮನಸ್ಸು ಬಿಚ್ಚುತ್ತಾಳೆ. ಈ ಎರಡು ಧ್ವನಿಗಳ ಅಂತರವೇ ಪಾತ್ರದ ಜೀವಾಳ.

ಸುಭದ್ರೆ: ಕೃಷ್ಣಾರ್ಜುನ ಕಾಳಗದಲ್ಲಿ ಗಯನಿಗೆ ಅಭಯ ಕೊಟ್ಟ ಕಾರಣದಿಂದ ಅಣ್ಣ ಮತ್ತು ಗಂಡ ಯುದ್ಧಕ್ಕೆ ನಿಲ್ಲುತ್ತಾರೆ. ತವರು ಮತ್ತು ಪತಿಗೃಹಗಳ ನಡುವೆ ಸಿಕ್ಕಿಕೊಂಡ ಸುಭದ್ರೆಯ ಮಾತು ಕರಾವಳಿಯ ಮಹಿಳಾ ಪ್ರೇಕ್ಷಕರಿಗೆ ಬಹಳ ಹತ್ತಿರವಾದುದು. ಅಭಿಮನ್ಯು ಕಾಳಗದಲ್ಲಿ ಮಗನನ್ನು ಯುದ್ಧಕ್ಕೆ ಬೀಳ್ಕೊಡುವ ಸುಭದ್ರೆಯೂ ಅಷ್ಟೇ ಪ್ರಸಿದ್ಧ.

ಚಂದ್ರಮತಿ: ಹರಿಶ್ಚಂದ್ರನ ಕಥೆಯಲ್ಲಿ ಮಗನ ಶವವನ್ನು ಹೊತ್ತು ಸ್ಮಶಾನಕ್ಕೆ ಬರುವ ಸನ್ನಿವೇಶದಲ್ಲಿ ಕುಣಿತಕ್ಕೆ ಅವಕಾಶ ಕಡಿಮೆ. ಅಳುವುದನ್ನು ಅತಿಯಾಗಿಸದೆ, ಪದ್ಯದ ಲಯವನ್ನೂ ಬಿಡದೆ, ಪ್ರೇಕ್ಷಕರನ್ನು ಹಿಡಿದು ನಿಲ್ಲಿಸುವುದು ಇಲ್ಲಿನ ಸವಾಲು.

ಪ್ರಸಿದ್ಧ ಕಲಾವಿದರು

ಹಾರಾಡಿಯ ಗಾಣಿಗ ಮನೆತನ ಬಡಗುತಿಟ್ಟಿನ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ರಾಮ ಗಾಣಿಗ ಮತ್ತು ಕುಷ್ಟ ಗಾಣಿಗರು ಪುರುಷವೇಷಗಳಿಗೆ ಖ್ಯಾತರಾದರೆ, ಅದೇ ಮನೆತನದ ಹಾರಾಡಿ ನಾರಾಯಣ ಗಾಣಿಗರು ಸ್ತ್ರೀವೇಷಕ್ಕೆ ಹೆಸರಾದರು. ಕೋಟ ವೈಕುಂಠ ಮತ್ತು ಕುಂದಾಪುರ ಸೀಮೆಯ ಅರಾಟೆ ಮಂಜುನಾಥ ಅವರೂ ಈ ವಿಭಾಗದ ಮುಖ್ಯ ಹೆಸರುಗಳು. ಗರತಿ ಪಾತ್ರಗಳ ಗಾಂಭೀರ್ಯ ಮತ್ತು ಅಳತೆ ತಪ್ಪದ ಮಾತಿನ ಪ್ರಸ್ತಾಪ ಬಂದಾಗ ಹಿರಿಯ ಪ್ರೇಕ್ಷಕರು ಈ ತಲೆಮಾರನ್ನು ಸ್ಮರಿಸುವುದು ವಾಡಿಕೆ.

ಉತ್ತರ ಕನ್ನಡದ ಕೆರೆಮನೆ ಗಜಾನನ ಹೆಗಡೆ ಮತ್ತು ಭಾಸ್ಕರ ಜೋಶಿ ಶಿರಳಗಿ, ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾವ್ ಸ್ತ್ರೀವೇಷದಲ್ಲಿ ಕೀರ್ತಿ ಪಡೆದ ನೆರೆಯ ಪ್ರದೇಶಗಳ ಕಲಾವಿದರು. ಇತ್ತೀಚಿನ ದಶಕಗಳಲ್ಲಿ ಯಲಗುಪ್ಪ ಸುಬ್ರಹ್ಮಣ್ಯ ಹೆಗಡೆ, ನೀಲ್ಕೋಡು ಶಂಕರ ಹೆಗಡೆ ಮತ್ತು ಶಶಿಕಾಂತ ಶೆಟ್ಟಿ ಕಾರ್ಕಳ ಮೊದಲಾದವರು ಬಡಗಿನ ರಂಗದಲ್ಲಿ ಜನಪ್ರಿಯರಾಗಿದ್ದಾರೆ.

ವಿಮರ್ಶೆ ಮತ್ತು ಮೆಚ್ಚುಗೆ

ಯಕ್ಷಗಾನದ ವಿಮರ್ಶೆ ಮೊದಲು ಬೆಳೆದುದು ಬಾಯಿಮಾತಿನಲ್ಲಿ. ರಾತ್ರಿ ನೋಡಿದ ಆಟವನ್ನು ಮರುದಿನ ಅಂಗಡಿ ಜಗಲಿಯಲ್ಲಿ, ಗದ್ದೆಯ ಬದುವಿನಲ್ಲಿ ಚರ್ಚಿಸುವ ಪ್ರೇಕ್ಷಕರು ಒಂದೇ ಪಾತ್ರವನ್ನು ಹಲವು ಕಲಾವಿದರಿಂದ ಕಂಡವರಾಗಿರುತ್ತಾರೆ. ಕಥೆ ಮೊದಲೇ ಗೊತ್ತಿರುವುದರಿಂದ ಅವರ ಗಮನ ನಿರ್ವಹಣೆಯ ಮೇಲೆ ಇರುತ್ತದೆ. ಅನಂತರ ಕರಾವಳಿಯ ದಿನಪತ್ರಿಕೆಗಳು, ಯಕ್ಷಗಾನದ ನಿಯತಕಾಲಿಕೆಗಳು, ಸಂಸ್ಮರಣ ಗ್ರಂಥಗಳು ಈ ಚರ್ಚೆಗೆ ಬರಹದ ರೂಪ ಕೊಟ್ಟವು.

ಕೋಟದವರಾದ ಶಿವರಾಮ ಕಾರಂತರ ಯಕ್ಷಗಾನ ಬಯಲಾಟ ಗ್ರಂಥವು ಈ ಕಲೆಯ ಶಾಸ್ತ್ರೀಯ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಇದಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ವೇಷ, ಗಾನ, ನಾಟ್ಯಗಳ ನಡುವಿನ ಹೊಂದಾಣಿಕೆಯನ್ನು ಕಾರಂತರು ಒತ್ತಿ ಹೇಳಿದರು. ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟು ಗಾನ ಮತ್ತು ನಾಟ್ಯಗಳಿಂದಲೇ ಕಥೆ ನಡೆಸಿದರು. ಮಾತಿನ ಆಧಾರವಿಲ್ಲದಾಗ ಸ್ತ್ರೀಪಾತ್ರದ ಭಾವವನ್ನೆಲ್ಲ ಅಂಗಾಭಿನಯವೇ ಹೊರಬೇಕಾಗುತ್ತದೆ. ಮಾತಿಲ್ಲದೆ ಅಂಬೆ ಅಥವಾ ದ್ರೌಪದಿಯ ವಾದವನ್ನು ಪೂರ್ಣವಾಗಿ ಕಟ್ಟಿಕೊಡಲು ಸಾಧ್ಯವೇ ಎಂಬ ಪ್ರಶ್ನೆಗೂ ಇಂಥ ಪ್ರಯೋಗಗಳು ಎಡೆಮಾಡುತ್ತವೆ. ಎಂ. ಪ್ರಭಾಕರ ಜೋಶಿ, ರಾಘವ ನಂಬಿಯಾರ್ ಮೊದಲಾದ ವಿದ್ವಾಂಸರು ಪಾತ್ರಚಿತ್ರಣ ಮತ್ತು ರಂಗಪ್ರಯೋಗಗಳ ವಿಮರ್ಶೆಯನ್ನು ಮುಂದುವರಿಸಿದರು.

ಸ್ತ್ರೀವೇಷದ ಮೆಚ್ಚುಗೆಯಲ್ಲಿ ಮತ್ತೆ ಮತ್ತೆ ಬರುವ ಗುಣಗಳು ಇವು:

- ಔಚಿತ್ಯ: ಗರತಿಗೂ ಗಣಿಕೆಗೂ, ರಾಣಿಗೂ ಸಖಿಗೂ ನಡೆ ನುಡಿಗಳಲ್ಲಿ ವ್ಯತ್ಯಾಸ ಕಾಣುವುದು.
- ಹಿತಮಿತವಾದ ಮಾತು: ಪದ್ಯದ ಆಶಯವನ್ನು ಮೀರದೆ ವಿಸ್ತರಿಸುವುದು.
- ಹೊಂದಾಣಿಕೆ: ಭಾಗವತನ ಪದ್ಯದ ಎತ್ತುಗಡೆಯನ್ನೂ ಎದುರು ಪಾತ್ರಧಾರಿಯ ಮಾತಿನ ದಿಕ್ಕನ್ನೂ ಅರಿತು ನಡೆಯುವುದು.
- ಪ್ರತ್ಯುತ್ಪನ್ನಮತಿ: ಅನಿರೀಕ್ಷಿತ ಪ್ರಶ್ನೆಗೆ ಪಾತ್ರದೊಳಗಿದ್ದೇ ಉತ್ತರ ಕೊಡುವುದು.
- ಮೌನದ ಅಭಿನಯ: ಇತರರು ಮಾತನಾಡುತ್ತಿರುವಾಗಲೂ ಪಾತ್ರವನ್ನು ಬಿಡದಿರುವುದು.

ಈ ಪಟ್ಟಿಯಲ್ಲಿ ರೂಪಕ್ಕೆ ಮೊದಲ ಸ್ಥಾನವಿಲ್ಲ ಎಂಬುದು ಗಮನಾರ್ಹ. ಸ್ತ್ರೀವೇಷವನ್ನು ಹೊಗಳುವಾಗ "ಹೆಣ್ಣೇ ನಾಚಬೇಕು" ಎಂಬ ಮಾತು ರೂಢಿಯಲ್ಲಿದೆ. ಆದರೆ ವೇಷದ ಚೆಲುವು ಪ್ರವೇಶದ ಮೊದಲ ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ ನೆರವಾಗುತ್ತದೆ, ಗಂಟೆಗಟ್ಟಲೆ ನಡೆಯುವ ಪಾತ್ರವನ್ನು ಉಳಿಸುವುದು ಮಾತು ಮತ್ತು ಭಾವ ಎಂಬುದು ಅನುಭವಿಗಳ ನಿಲುವು. ವಯಸ್ಸಾದ ಮೇಲೂ ಕೆಲವು ಕಲಾವಿದರ ಚಂದ್ರಮತಿ ಅಥವಾ ದ್ರೌಪದಿಯನ್ನು ಪ್ರೇಕ್ಷಕರು ಬಯಸಿ ನೋಡುವುದು ಇದಕ್ಕೆ ಸಾಕ್ಷಿ.

ಆಕ್ಷೇಪಗಳೂ ಇವೆ. ಅತಿಯಾದ ಬಳುಕು, ಶೃಂಗಾರದ ಹೆಸರಿನಲ್ಲಿ ಅಗ್ಗದ ಮಾತು, ಚಪ್ಪಾಳೆಗಾಗಿ ಪದ್ಯವನ್ನು ಎಳೆಯಿಸುವುದು, ಪೌರಾಣಿಕ ಸ್ತ್ರೀಯನ್ನು ಕಣ್ಣೀರಿಗಷ್ಟೇ ಸೀಮಿತಗೊಳಿಸುವುದು ಇವುಗಳಲ್ಲಿ ಮುಖ್ಯವಾದವು. ಪುರುಷನ ದೃಷ್ಟಿಯಲ್ಲಿ ರೂಪುಗೊಂಡ ಹೆಣ್ಣನ್ನೇ ರಂಗವು ಸಹಜವಾದ ಹೆಣ್ಣೆಂದು ತೋರಿಸುತ್ತಿದೆ ಎಂಬ ಸ್ತ್ರೀವಾದಿ ಟೀಕೆಯೂ ಇದೆ.

ಡೇರೆ ಮೇಳಗಳು ಮತ್ತು ಹೊಸ ಪ್ರಸಂಗಗಳು

ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಬಂದ ಮೇಲೆ ಸ್ತ್ರೀವೇಷದ ಬೇಡಿಕೆ ಬದಲಾಯಿತು. ಸಾಲಿಗ್ರಾಮ, ಪೆರ್ಡೂರು ಮೊದಲಾದ ಮೇಳಗಳು ಪೌರಾಣಿಕ ಕಥೆಗಳ ಜೊತೆಗೆ ಕಾಲ್ಪನಿಕ ಕಥೆಯ ಹೊಸ ಪ್ರಸಂಗಗಳನ್ನು ರಂಗಕ್ಕೆ ತಂದವು. ಗುಂಡ್ಮಿ ಕಾಳಿಂಗ ನಾವಡರ (1958–1990) ಭಾಗವತಿಕೆಯ ಕಾಲ ಈ ಜನಪ್ರಿಯತೆಯ ಉತ್ತುಂಗ. ನಾಗಶ್ರೀ, ಚೆಲು​ವೆ ಚಿತ್ರಾವತಿ ಮೊದಲಾದ ಪ್ರಸಂಗಗಳಿಗೆ ನಾಯಕಿಯ ಹೆಸರೇ ಶೀರ್ಷಿಕೆಯಾಯಿತು.

ಹೊಸ ಪ್ರಸಂಗಗಳಲ್ಲಿ ನಾಯಕಿಯ ಪಾತ್ರ ದೀರ್ಘವಾಗಿ, ಪ್ರೇಮ, ವಿಯೋಗ, ಕೌಟುಂಬಿಕ ಕಲಹಗಳ ಸನ್ನಿವೇಶಗಳು ಹೆಚ್ಚಿದವು. ಸ್ತ್ರೀವೇಷಧಾರಿಗಳ ಹೆಸರು ಪ್ರಚಾರದಲ್ಲಿ ಎದ್ದು ಕಾಣತೊಡಗಿತು. ಪುರಾಣದ ಆಧಾರವಿಲ್ಲದ ಪಾತ್ರಕ್ಕೆ ಪರಂಪರೆಯ ಅರ್ಥಗಾರಿಕೆ ಒದಗುವುದಿಲ್ಲವಾದ್ದರಿಂದ ಕಲಾವಿದರು ಸ್ವತಂತ್ರವಾಗಿ ಪಾತ್ರ ಕಟ್ಟಬೇಕಾಯಿತು. ಇದು ಸ್ತ್ರೀವೇಷಕ್ಕೆ ಸ್ವಾತಂತ್ರ್ಯ ಕೊಟ್ಟಿತು ಎಂದು ಕೆಲವರೂ, ಸಿನಿಮಾದ ಅನುಕರಣೆಗೆ ದಾರಿ ಮಾಡಿತು ಎಂದು ಕೆಲವರೂ ಅಭಿಪ್ರಾಯಪಡುತ್ತಾರೆ.

ಮಹಿಳಾ ಕಲಾವಿದರು

ಅಮೆರಿಕದ ಸಂಶೋಧಕಿ ಮಾರ್ತಾ ಆ್ಯಷ್ಟನ್ ಉಡುಪಿ ಪರಿಸರದಲ್ಲಿ ಯಕ್ಷಗಾನವನ್ನು ಅಭ್ಯಾಸ ಮಾಡಿದರು. ಬ್ರೂಸ್ ಕ್ರಿಸ್ಟಿ ಅವರೊಡನೆ ಬರೆದ ಅವರ ಗ್ರಂಥ 1977ರಲ್ಲಿ ಪ್ರಕಟವಾಯಿತು. ಮದ್ದಳೆಗಾರ ಹಿರಿಯಡಕ ಗೋಪಾಲ ರಾವ್ ಅವರ ಮಾರ್ಗದರ್ಶನ ಆಕೆಗೆ ದೊರೆಯಿತು. ವೃತ್ತಿಮೇಳಗಳ ಬಾಗಿಲು ಸ್ತ್ರೀಯರಿಗೆ ತೆರೆಯದಿದ್ದ ಕಾಲದಲ್ಲಿ ವಿದೇಶಿ ಮಹಿಳೆಯೊಬ್ಬರು ಈ ಕಲೆಯನ್ನು ಕಲಿತುದು ಗಮನ ಸೆಳೆಯಿತು. ಮುಂದೆ ಜರ್ಮನಿಯ ಕತ್ರಿನ್ ಬಿಂದರ್ ಕೂಡ ಸಂಶೋಧನೆಯ ಜೊತೆಗೆ ವೇಷ ಮಾಡಿ ಕನ್ನಡದಲ್ಲಿ ಅರ್ಥ ಹೇಳಿದರು.

ಸ್ಥಳೀಯ ಸ್ತ್ರೀಯರಿಗೆ ಅವಕಾಶ ಒದಗಿದುದು ಮುಖ್ಯವಾಗಿ ತರಬೇತಿ ಕೇಂದ್ರ, ಮಕ್ಕಳ ಮೇಳ ಹಾಗೂ ಶಾಲೆಗಳ ಮೂಲಕ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಕಾರಂತ ಮತ್ತು ಕು.ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ ಆರಂಭವಾದ ಯಕ್ಷಗಾನ ಕೇಂದ್ರವು ಗುರುಮುಖೇನ ಕಲಿಯುವ ವ್ಯವಸ್ಥೆ ಮಾಡಿತು. ಎಚ್. ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿದರು. ಬನ್ನಂಜೆ ಸಂಜೀವ ಸುವರ್ಣರ ಶಿಷ್ಯವರ್ಗದಲ್ಲಿ ಅನೇಕ ಮಹಿಳೆಯರಿದ್ದಾರೆ. ಉಡುಪಿಯ ಯಕ್ಷಗಾನ ಕಲಾರಂಗದ ಸಹಯೋಗದಲ್ಲಿ ಪ್ರೌಢಶಾಲೆಗಳಲ್ಲಿ ನಡೆಯುವ ಯಕ್ಷಶಿಕ್ಷಣದಿಂದ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ವೇಷ ಕಟ್ಟುತ್ತಿದ್ದಾರೆ. ಅವರು ಸ್ತ್ರೀವೇಷಕ್ಕೆ ಸೀಮಿತರಾಗದೆ ಅರ್ಜುನ, ಕರ್ಣ, ಭೀಷ್ಮ ಮೊದಲಾದ ಪಾತ್ರಗಳನ್ನೂ ಮಾಡುತ್ತಾರೆ.

ಉತ್ತರ ಕನ್ನಡ ಮೂಲದ ಅಶ್ವಿನಿ ಕೊಂಡದಕುಳಿ, ಅರ್ಪಿತಾ ಹೆಗಡೆ ಮೊದಲಾದವರು ಬಡಗಿನ ರಂಗದಲ್ಲಿ ಹೆಸರು ಮಾಡಿದ್ದಾರೆ. ಹಾಡುಗಾರಿಕೆಯಲ್ಲಿ ತೆಂಕುತಿಟ್ಟಿನ ಲೀಲಾವತಿ ಬೈಪಾಡಿತ್ತಾಯ (1947–2024) ವೃತ್ತಿಮೇಳಗಳಲ್ಲಿ ದುಡಿದ ಮೊದಲ ಮಹಿಳಾ ಭಾಗವತರೆಂದು ಪ್ರಸಿದ್ಧರು. ಹರಕೆ ಆಟದ ವೃತ್ತಿಮೇಳಗಳಲ್ಲಿ ಮಾತ್ರ ಸ್ತ್ರೀವೇಷ ಇಂದಿಗೂ ಬಹುತೇಕ ಪುರುಷರ ಕೈಯಲ್ಲಿಯೇ ಇದೆ. ಶಾಲೆಯಲ್ಲಿ ಕಲಿತ ಹುಡುಗಿಗೆ ಮುಂದೆ ಜೀವನೋಪಾಯವಾಗಿ ಆರಿಸಿಕೊಳ್ಳಲು ಮೇಳದ ದಾರಿ ಇಲ್ಲದಿರುವುದು ಈ ಶಿಕ್ಷಣದ ದೊಡ್ಡ ಮಿತಿ.

ಸ್ತ್ರೀಯರು ಬಂದ ಮೇಲೆ ವಿಮರ್ಶೆಯ ಎದುರು ಹೊಸ ಪ್ರಶ್ನೆ ನಿಂತಿದೆ. ಪುರುಷರು ರೂಪಿಸಿದ ನಡೆ, ನೋಟ, ನಾಚಿಕೆಗಳನ್ನು ಸ್ತ್ರೀಯು ಅನುಕರಿಸಬೇಕೆ, ಅಥವಾ ತನ್ನದೇ ಅನುಭವದಿಂದ ಪಾತ್ರ ಕಟ್ಟಬೇಕೆ ಎಂಬುದೇ ಆ ಪ್ರಶ್ನೆ. ಹೆಣ್ಣು ಹೆಣ್ಣಿನ ಪಾತ್ರ ಮಾಡುವುದು ಸುಲಭವೆಂಬ ಭಾವನೆಯನ್ನು ರಂಗದ ಅನುಭವ ಒಪ್ಪುವುದಿಲ್ಲ. ಯಕ್ಷಗಾನದ ಹೆಣ್ಣು ದಿನನಿತ್ಯದ ಹೆಣ್ಣಲ್ಲ. ಚೆಂಡೆಯ ನಾದ, ಭಾರದ ಪುರುಷವೇಷ ಮತ್ತು ಗ್ರಾಂಥಿಕ ಭಾಷೆಗಳ ನಡುವೆ ನಿಲ್ಲುವ ಅವಳನ್ನು ಯಾರೇ ಆದರೂ ಶಿಕ್ಷಣದಿಂದಲೇ ಕಟ್ಟಬೇಕು. ಈ ಅರ್ಥದಲ್ಲಿ ಔಚಿತ್ಯದ ಹಳೆಯ ಮಾನದಂಡ ಪುರುಷ ಮತ್ತು ಸ್ತ್ರೀ ಕಲಾವಿದರಿಬ್ಬರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಇತರ ರಂಗಪ್ರಕಾರಗಳೊಂದಿಗೆ ಹೋಲಿಕೆ

ಪುರುಷರು ಸ್ತ್ರೀಪಾತ್ರ ಮಾಡುವ ಪದ್ಧತಿ ಅನೇಕ ದೇಶಗಳಲ್ಲಿತ್ತು. ಜಪಾನಿನ ಕಬುಕಿಯಲ್ಲಿ ಇಂಥ ನಟರನ್ನು ಒನ್ನಗಾತ ಎನ್ನುತ್ತಾರೆ. ಚೀನಾದ ಪೀಕಿಂಗ್ ಒಪೆರಾದ ಮೇ ಲಾನ್‌ಫಾಂಗ್ (1894–1961) ಮತ್ತು ಮರಾಠಿ ಸಂಗೀತ ನಾಟಕದ ಬಾಲಗಂಧರ್ವ (1888–1967) ಸ್ತ್ರೀಪಾತ್ರಗಳಿಂದಲೇ ವಿಖ್ಯಾತರಾದರು. ಕನ್ನಡದ ವೃತ್ತಿನಾಟಕ ಕಂಪನಿಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿಯೇ ನಟಿಯರು ಬಂದರು. ಗುಬ್ಬಿ ಕಂಪನಿಯಲ್ಲಿ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಹಾಡು ಮತ್ತು ಅಭಿನಯಗಳೆರಡರಿಂದಲೂ ಮನ್ನಣೆ ಪಡೆದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಆ ಪರಂಪರೆಯನ್ನು ಆಧುನಿಕ ರಂಗಭೂಮಿಗೆ ತಂದರು. ಅವರಿಗೆ 2013ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕಂಪನಿ ನಾಟಕದಲ್ಲಿ ನಟಿಯೇ ಹಾಡುತ್ತಾಳೆ, ಯಕ್ಷಗಾನದಲ್ಲಿ ಹಾಡು ಭಾಗವತನದು. ಇನ್ನೊಬ್ಬರ ಕಂಠದ ಹಾಡನ್ನು ತನ್ನ ಪಾತ್ರದ ಒಳದನಿಯಾಗಿ ತೋರಿಸುವುದು ಯಕ್ಷಗಾನದ ಸ್ತ್ರೀವೇಷಕ್ಕಿರುವ ವಿಶೇಷ ಹೊಣೆ.

ದಾಖಲಾತಿ

ಅರ್ಥಗಾರಿಕೆ ಆಶುವಾದುದರಿಂದ ಹಳೆಯ ತಲೆಮಾರಿನ ಸ್ತ್ರೀವೇಷಧಾರಿಗಳ ಮಾತು ಬಹುತೇಕ ಉಳಿದಿಲ್ಲ. ಪ್ರಸಂಗಗಳ ಪದ್ಯಗಳು ಮುದ್ರಣವಾಗಿವೆ, ಆದರೆ ಆ ಪದ್ಯಗಳಿಗೆ ಒಬ್ಬ ಅಂಬೆ ಅಥವಾ ಒಬ್ಬ ಪ್ರಭಾವತಿ ಏನು ಹೇಳಿದಳು ಎಂಬುದು ಕೇಳಿದವರ ನೆನಪಿನಲ್ಲಿ ಮಾತ್ರ ಇದೆ. ಇಂಥ ಸಂದರ್ಭದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಮಾತುಗಳು, ಪತ್ರಿಕೆಯ ವಿಮರ್ಶೆಗಳು, ಸಂಸ್ಮರಣ ಲೇಖನಗಳೇ ಇತಿಹಾಸದ ಆಕರಗಳಾಗುತ್ತವೆ. ಧ್ವನಿಸುರುಳಿ ಮತ್ತು ವಿಡಿಯೊ ಮುದ್ರಣ ಸಾಮಾನ್ಯವಾದ ಮೇಲೆ ಬಂದ ಕಲಾವಿದರ ಪಾತ್ರಗಳು ಹೆಚ್ಚಾಗಿ ಲಭ್ಯವಿವೆ. ಹಿರಿಯ ಪ್ರೇಕ್ಷಕರು ಮತ್ತು ನಿವೃತ್ತ ಕಲಾವಿದರ ನೆನಪುಗಳನ್ನು ದಾಖಲಿಸುವ ಕೆಲಸ ಸ್ತ್ರೀವೇಷದ ಇತಿಹಾಸಕ್ಕೆ ಇಂದು ಬಹಳ ಅಗತ್ಯವಾಗಿದೆ.